ನಿಧಿಯೂ ನಿಧಾನವೂ

ನಿಧಿಯ ಕಥೆಯನ್ನು ಕೇಳದೆ ಬೆಳೆದ ಮಕ್ಕಳು ನಮ್ಮ ಸೀಮೆಯಲ್ಲಿ ವಿರಳ. ಯಲಹಂಕದ ಸುತ್ತಿನ ಯಾವ ಹಳ್ಳಿಯ ಹಿರಿಯರನ್ನೇ ಕೇಳಿ, ಹಾಳುಗುಡಿಯ ಹಿಂದೆಯೋ ಕೆರೆಯ ಏರಿಯ ಕೆಳಗೋ ಒಂದು ಕೊಪ್ಪರಿಗೆ ಹೊನ್ನು ಇದ್ದೇ ಇರುತ್ತದೆ. ಅದಕ್ಕೆ ಸರ್ಪವೊಂದು ಕಾವಲಿರುತ್ತದೆ. ಅದನ್ನು ಕಂಡವರನ್ನು ಬಲ್ಲವರು ಊರಿಗೊಬ್ಬರಿದ್ದಾರೆ. ಕಂಡವರು ಮಾತ್ರ ಸಿಕ್ಕುವುದಿಲ್ಲ. ಕಥೆ ಬರೆಯಬೇಕೆಂಬ ಚಪಲವುಳ್ಳವನಿಗೆ ಇದಕ್ಕಿಂತ ಸುಲಭವಾದ ಬಂಡವಾಳ ಬೇರೆ ಯಾವುದಿದೆ? ಒಮ್ಮೆ ನಾನೂ ಆ ಬಂಡವಾಳಕ್ಕೆ ಕೈಹಾಕಿ ನಷ್ಟಮಾಡಿದವನು. ನಷ್ಟವಾದದ್ದು ನನ್ನದಲ್ಲ ಎಂಬುದೇ ನನ್ನ ಸಂಕಟ.

ಹಲಸೂರಿನ ಸೋಮೇಶ್ವರ ದೇವಾಲಯದ ಐತಿಹ್ಯವನ್ನು ವಾಚಕರು ಕೇಳಿರಬಹುದು. ಯಲಹಂಕ ನಾಡಪ್ರಭು ಕೆಂಪೇಗೌಡರು ಬೇಟೆಗೆಂದು ದೂರ ಹೋಗಿ, ದಣಿದು ಮರದಡಿಯಲ್ಲಿ ಮಲಗಿದಾಗ ಸೋಮೇಶ್ವರನು ಕನಸಿನಲ್ಲಿ ಕಾಣಿಸಿಕೊಂಡು, ಹೂತಿರುವ ನಿಧಿಯನ್ನು ತೆಗೆದು ತನಗೊಂದು ಗುಡಿಯನ್ನು ಕಟ್ಟಿಸೆಂದು ಅಪ್ಪಣೆ ಮಾಡಿದನಂತೆ. ಇದೇ ಕಥೆಯನ್ನು ಅವರಿಗಿಂತ ಹಿಂದಿನ ಜಯಪ್ಪಗೌಡರ ಮೇಲೂ ಹೇಳುವುದುಂಟು. ಅಲ್ಲಿ ಕನಸಿನ ಪುರುಷನು ತಿಳಿಸುವುದು ಮಣ್ಣಿನೊಳಗಿನ ಲಿಂಗವನ್ನು. ಒಬ್ಬರಿಗೆ ಹೊನ್ನು, ಒಬ್ಬರಿಗೆ ದೇವರು. ಆದರೆ ಎರಡು ಪಾಠಗಳಲ್ಲಿಯೂ ದೊರೆತದ್ದು ದೊರೆತವನ ಮನೆಗೆ ಹೋಗಲಿಲ್ಲ, ಗುಡಿಯಾಯಿತು.

ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ, ನಾನು ಉಪಾಧ್ಯಾಯನಾಗಿದ್ದಾಗ, ಶಾಲೆಯ ಕೈಬರಹದ ಪತ್ರಿಕೆಗೆ ಒಂದು ಕಥೆಯನ್ನು ಬರೆದೆನು. ಈ ಐತಿಹ್ಯದಿಂದ ಹೊನ್ನನ್ನು ತೆಗೆದುಕೊಂಡೆ, ಗುಡಿಯನ್ನು ಬಿಟ್ಟುಬಿಟ್ಟೆ. ಕಥೆ ನಿಜವೆಂದು ತೋರಲೆಂದು ಊರ ಕೆರೆಯ ಏರಿಯ ಮೇಲಿದ್ದ ವೀರಗಲ್ಲನ್ನು ಗುರುತಾಗಿ ಇಟ್ಟೆ: ವೀರನ ಕತ್ತಿಯ ಮೊನೆ ತೋರುವ ಕಡೆ ಮೂರು ಮೊಳ ಅಗೆದರೆ ಕೊಪ್ಪರಿಗೆ. ತರಗತಿಯಲ್ಲಿ ಓದಿದಾಗ ಹುಡುಗರು ಉಸಿರುಬಿಗಿಹಿಡಿದು ಕೇಳಿದರು. ಪಾಣಿನಿಯ ಸೂತ್ರಕ್ಕೆ ಎಂದೂ ದೊರೆಯದ ಆ ಗಮನವನ್ನು ಕಂಡು ನಾನು ಹಿಗ್ಗಿದೆನು.

ಹದಿನೈದು ದಿನ ಕಳೆಯುವುದರೊಳಗೆ ಆ ಕಲ್ಲು ಉರುಳಿ ಎರಡು ಹೋಳಾಗಿ ಬಿದ್ದಿತ್ತು. ಅಗೆದವರು ಯಾರೆಂದು ಕಡೆಗೂ ತಿಳಿಯಲಿಲ್ಲ. ಕಥೆ ಶಾಲೆಯಿಂದ ಮನೆಗೆ, ಮನೆಯಿಂದ ಊರಿಗೆ ಹರಡಿತ್ತು. ಆದರೆ ಗುಂಡಿ ಮಾತ್ರ ಕತ್ತಿಯ ಮೊನೆ ತೋರುವ ಕಡೆಯೇ ಇತ್ತು, ಆಳ ಮೂರು ಮೊಳವಿತ್ತು. ಅದರೊಳಗಿದ್ದದ್ದು ಬೇರು ಮತ್ತು ಮಣ್ಣು. ಕಲ್ಲಿನ ಮೇಲಿದ್ದ ಮೂರು ಸಾಲು ಬರಹದಲ್ಲಿ ನಡುವಿನದು ಚೂರಾಗಿ ಹೋಗಿತ್ತು. ಹನ್ನೊಂದು ವರ್ಷ ನಿತ್ಯವೂ ಅದರ ಪಕ್ಕದಲ್ಲಿಯೇ ನಡೆದುಹೋದ ನಾನು, ಅಕ್ಷರವಿದ್ಯೆಯಿಂದ ಹೊಟ್ಟೆಹೊರೆದವನು, ಅದನ್ನು ಒಮ್ಮೆಯೂ ಬರೆದುಕೊಂಡಿರಲಿಲ್ಲ.

'ನಿ' ಎಂಬ ಉಪಸರ್ಗದೊಡನೆ, ಇಡು ಎಂಬ ಅರ್ಥದ 'ಧಾ' ಧಾತು ಸೇರಿ 'ನಿಧಿ' ಎಂಬ ಶಬ್ದವಾಗುತ್ತದೆ. ನಿಧಿಯೆಂದರೆ ಇಟ್ಟದ್ದು. ಇಟ್ಟದ್ದೆಂದ ಮೇಲೆ ಇಟ್ಟವರೊಬ್ಬರು ಇರಲೇಬೇಕಷ್ಟೆ. ಸಂಸ್ಕೃತದಲ್ಲಿ 'ನಿಧಾನ'ವೆಂದರೂ ನಿಧಿಯೇ. ಕನ್ನಡಕ್ಕೆ ಬಂದು ಆ ಶಬ್ದ ತಾಳ್ಮೆಯ ಅರ್ಥವನ್ನು ಪಡೆಯಿತು. ಈ ಎರಡನ್ನೂ ನಾನು ಮಕ್ಕಳಿಗೆ ವರ್ಷವರ್ಷವೂ ಕಲಿಸಿದೆ. ಕಥೆ ಬರೆಯುವಾಗ ಎರಡನ್ನೂ ಮರೆತೆ. ಅಗೆಯುವವನ ಆಸೆ ಒಂದು ರಾತ್ರಿಯದು. ಹೂತವರ ಕಥೆಯೋ, ದಂಡು ಬರುವ ಸುದ್ದಿ, ಮನೆ ಬಿಡುವ ಅವಸರ, ಮರಳಿ ಬರುವೆನೆಂಬ ನಂಬಿಕೆ, ಬಾರದೇ ಹೋದದ್ದು, ಇಷ್ಟನ್ನೂ ಒಳಗೊಂಡದ್ದು.

2018ರಲ್ಲಿ ಹೆಬ್ಬಾಳದಲ್ಲಿ ಚರಂಡಿಗಾಗಿ ನೆಲ ಅಗೆಯುವಾಗ ಒಂದು ಶಾಸನದ ಕಲ್ಲು ಹೊರಬಂದಿತು. ಗಂಗರ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ರಾಷ್ಟ್ರಕೂಟರ ದಂಡಿನೊಡನೆ ಹೋರಾಡಿ ಮಡಿದ ಕಿತ್ತಯ್ಯನೆಂಬವನ ವೀರಗಲ್ಲು ಅದು. ಹೆಬ್ಬಾಳವು ಆಗ ಪೆರ್ಬೊಳಲ್ ಆಗಿತ್ತೆಂಬುದೂ ಅದರಿಂದ ತಿಳಿಯಿತು. ಕಲ್ಲಿನ ಕೆಳಗೆ ಹೊನ್ನಿರಲಿಲ್ಲ. ಆದರೂ ಹನ್ನೆರಡು ಶತಮಾನಗಳಿಗೂ ಹಿಂದಿನ ಒಬ್ಬ ಮನುಷ್ಯನ ಹೆಸರು ಅವನ ಊರಿಗೆ ಮರಳಿ ದೊರೆಯಿತು. ಊರವರೂ ಇತಿಹಾಸಪ್ರಿಯರೂ ಸೇರಿ ಅದಕ್ಕೊಂದು ಮಂಟಪವನ್ನು ಕಟ್ಟಿಸಿದರು. ಸೋಮೇಶ್ವರನ ಕನಸು ಹೆಬ್ಬಾಳದಲ್ಲಿ ಇನ್ನೊಮ್ಮೆ ನಿಜವಾಯಿತೆಂದು ನನಗೆ ತೋರಿತು. ನಮ್ಮ ಏರಿಯ ವೀರನ ಹೆಸರು ಆ ನಡುವಿನ ಸಾಲಿನಲ್ಲಿತ್ತೋ ಏನೋ ಎಂಬ ಯೋಚನೆ ಅಂದು ರಾತ್ರಿ ನನ್ನನ್ನು ಮಲಗಗೊಡಲಿಲ್ಲ.

ಮನೆಯ ಮಕ್ಕಳು ನಿಧಿಯ ಕಥೆಯನ್ನು ಬರೆದು ತಂದರೆ ಹಿರಿಯರು ಗದರಿಸಬೇಕಾಗಿಲ್ಲ. ಕಲ್ಪನೆಗೆ ಅಂತಹ ಹೊಲ ಬೇರೆಯಿಲ್ಲ. 'ಯಾರಿಗೆ ಸಿಕ್ಕಿತು?' ಎಂದು ಕೇಳುವ ಬದಲು 'ಯಾರು ಇಟ್ಟರಪ್ಪಾ? ಏಕೆ ಮರಳಿ ಬರಲಿಲ್ಲ?' ಎಂದು ಕೇಳಿ ನೋಡಲಿ. ಕಥೆ ತಾನಾಗಿಯೇ ಆಳಕ್ಕಿಳಿಯುತ್ತದೆ. ಇರುವ ಊರಿನ ಇರುವ ಕಲ್ಲನ್ನು ಮಾತ್ರ ಗುರುತಾಗಿ ಇಡಬೇಡವೆಂದು ಹೇಳಲಿ.

ನಿವೃತ್ತನಾದ ಮೇಲೆ ನನ್ನ ಹಳೆಯ ಕಥೆಯನ್ನು ಹೊಸದಾಗಿ ಬರೆದೆನು. ಅದರಲ್ಲಿ ಈಗ ಕೊಪ್ಪರಿಗೆಯಿಲ್ಲ. ದಂಡು ಬರುತ್ತಿದೆಯೆಂದು ಕೇಳಿ ಮಗಳ ಮದುವೆಯ ಒಡವೆಯನ್ನು ಹಿತ್ತಿಲಲ್ಲಿ ಹೂಳುವ ಒಬ್ಬ ತಾಯಿಯಿದ್ದಾಳೆ. ಅನಂತರ ಮೊಮ್ಮಗನನ್ನು ಕರೆದುಕೊಂಡು ಏರಿಗೆ ಹೋದೆ. ಹೋಳುಗಳು ಇನ್ನೂ ಅಲ್ಲಿಯೇ ಇದ್ದವು. ನೀರು ಚಿಮುಕಿಸಿ, ಬೆರಳಾಡಿಸಿ, ಉಳಿದ ಎರಡು ಸಾಲುಗಳನ್ನು ಅವನ ನೋಟುಪುಸ್ತಕದಲ್ಲಿ ಬರೆದುಕೊಳ್ಳಲು ತೊಡಗಿದೆವು. ಹುಡುಗ ಆತುರಪಟ್ಟನು. "ನಿಧಾನ, ಮಗು," ಎಂದೆ.