ಸಹಿ ದಾಟಿದ ಮೇಲೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಹೆಬ್ಬೆಟ್ಟು ಒತ್ತುವವರು ಈಗ ಕಡಿಮೆ. 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಶುರುವಾದ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ, ತೊಂಬತ್ತರ ದಶಕದ ಸಾಕ್ಷರತಾ ಆಂದೋಲನ, ಊರೂರಿನ ಸ್ವಸಹಾಯ ಸಂಘಗಳು, ಇವೆಲ್ಲ ಸೇರಿ ಹೆಂಗಸರ ಕೈಗೆ ಪೆನ್ನು ಕೊಟ್ಟವು. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88 ದಾಟಿತು, ರಾಜ್ಯದಲ್ಲೇ ಮೊದಲು. ಹೆಮ್ಮೆಪಡಬೇಕಾದ ಸಂಗತಿಯೇ. ಆದರೆ ಸಹಿ ಬಂದವರಿಗೆಲ್ಲ ಓದು ಬಂದಿಲ್ಲ.

ಸಿದ್ದಕಟ್ಟೆ ಕಡೆ ನನ್ನ ಹತ್ತಿರ ಕಲಿಯಲು ಬರುವ ಅಕ್ಕ ಒಬ್ಬರು ಸಂಘದ ಪುಸ್ತಕದಲ್ಲಿ ತಡವರಿಸದೆ ಸಹಿ ಹಾಕುತ್ತಾರೆ. ಆ ಸಹಿಯ ಮೊದಲಕ್ಷರ ‘ಕ’. ಬಸ್ಸಿನ ಬೋರ್ಡಿನಲ್ಲಿ ಅವರ ಊರಿನ ಹೆಸರಿನ ನಡುವೆಯೇ ಇದ್ದ ಅದೇ ‘ಕ’ ಅವರಿಗೆ ಗುರುತು ಸಿಗಲಿಲ್ಲ. ಸಹಿಯನ್ನು ಅವರು ರಂಗೋಲಿಯಂತೆ ಒಂದೇ ಎಳೆಯಲ್ಲಿ ಕಲಿತಿದ್ದರು. ಅದನ್ನು ಬಿಡಿಸಿ ಅಕ್ಷರ ಅಕ್ಷರವಾಗಿ ಮತ್ತೆ ಬರೆಸುವುದರಿಂದಲೇ ನಮ್ಮ ಪಾಠ ಶುರು.

ಇಲ್ಲಿ ಇನ್ನೊಂದು ತೊಡಕಿದೆ. ಮನೆಯ ಮಾತು ತುಳು, ಬ್ಯಾರಿ ಇಲ್ಲವೇ ಕೊಂಕಣಿ, ಪುಸ್ತಕ ಕನ್ನಡದ್ದು. ಮಕ್ಕಳಾದರೆ ಶಾಲೆಯಲ್ಲಿ ಕನ್ನಡ ಕೇಳುತ್ತ ಕೇಳುತ್ತ ಕಲಿಯುತ್ತಾರೆ. ಐವತ್ತು ದಾಟಿದವರಿಗೆ ಹೊಸ ಅಕ್ಷರ, ಹೊಸ ಮಾತು ಎರಡನ್ನೂ ಒಟ್ಟಿಗೆ ಹೊರಿಸುವುದು ಸರಿಯಲ್ಲ. ತುಳುವನ್ನು ಕನ್ನಡ ಲಿಪಿಯಲ್ಲಿ ಬರೆಯುವುದು ನಮಗೇನೂ ಹೊಸತಲ್ಲವಲ್ಲ. ‘ಕಡಲ್’, ‘ನೀರ್’, ‘ಬಾಲೆ’ ಎಂದು ಬರೆದು ತೋರಿಸಿದರೆ ಓದಿದ ಕೂಡಲೇ ಅರ್ಥವೂ ಸಿಗುತ್ತದೆ. ‘ಬಾಲೆ’ಯನ್ನು ಕೂಡಿಸಿ ಓದಿದ ಅಕ್ಕ, “ಉಂದು ನಮ್ಮ ಪಾತೆರ ಅತ್ತಾ ಟೀಚರೆ!” ಎಂದರು. ಇದು ನಮ್ಮ ಮಾತೇ ಅಲ್ಲವಾ ಎಂದು. ಕನ್ನಡ ಆಮೇಲೆ ತಾನಾಗಿ ಬರುತ್ತದೆ, ಅಕ್ಷರದ ಹೆದರಿಕೆ ಮೊದಲು ಹೋಗಬೇಕು. ಮಕ್ಕಳಿಗಾಗಿ ಅಷ್ಟು ಚಂದ ಬರೆದ ಪಂಜೆ ಮಂಗೇಶರಾಯರು ಹುಟ್ಟಿದ್ದು ಬಂಟ್ವಾಳದಲ್ಲಿ, 1874ರಲ್ಲಿ. ಈ ನೆಲದ ದೊಡ್ಡವರಿಗೂ ಅಂಥ ಪ್ರೀತಿಯಿಂದ ಬರೆದ ಮೊದಲ ಪುಸ್ತಕವೊಂದು ಬೇಕು.

ನನ್ನ ಹತ್ತಿರ ಕಲಿಯಲು ಬರುವವರು ಬೀಡಿ ಕಟ್ಟುವವರು. ಆ ಬೆರಳುಗಳು ಪೆನ್ಸಿಲ್ ಹಿಡಿಯುವುದನ್ನು ಹತ್ತಿರ ಕೂತು ನೋಡಬೇಕು. ಎಲೆಯನ್ನು ಅಳತೆ ತಪ್ಪದೆ ಕತ್ತರಿಸುವ ಕೈ ಪೆನ್ಸಿಲನ್ನು ಮಾತ್ರ ಹಿಸುಕಿ ಹಿಡಿಯುತ್ತದೆ. ಮೊನೆ ಮುರಿಯುತ್ತದೆ, ಹಾಳೆಯ ಹಿಂಬದಿಯಲ್ಲಿ ಅಕ್ಷರ ಉಬ್ಬುತ್ತದೆ. ‘ಮೆಲ್ಲ, ಮೆಲ್ಲ’ ಎನ್ನುತ್ತ ಮೊದಲ ವಾರಗಳು ಕಳೆಯುತ್ತವೆ. ಲೆಕ್ಕ ಮಾತ್ರ ನಾನು ಕಲಿಸಬೇಕಾಗಿಲ್ಲ. ಸಾವಿರ ಬೀಡಿಗೆ ಎಷ್ಟು, ಸರಿಯಿಲ್ಲವೆಂದು ತೆಗೆದು ಹಾಕಿದ ಬೀಡಿಗೆ ಎಷ್ಟು ಕಡಿತ, ಎಲ್ಲ ಬಾಯಲ್ಲೇ ಇದೆ. ಅದಕ್ಕೇ ಎರಡನೆಯ ಪಾಠಪುಸ್ತಕವಾಗಿ ನಾನು ಅವರವರ ಬೀಡಿ ಪಾಸ್‌ಬುಕ್ಕನ್ನೇ ಇಟ್ಟುಕೊಂಡೆ. ತಾರೀಕು, ಎಲೆ, ತಂಬಾಕು, ಕಡಿತ: ದಿನವೂ ಕಾಣುವ ಮಾತುಗಳು.

2022ರಿಂದ ಕೇಂದ್ರ ಸರ್ಕಾರದ ‘ಉಲ್ಲಾಸ್’ ಯೋಜನೆ ಹದಿನೈದು ದಾಟಿದವರಿಗೆ ಸ್ವಯಂಸೇವಕರಿಂದಲೇ ಕಲಿಸುವ ದಾರಿ ಹಿಡಿದಿದೆ. ಹೊಸದಾಗಿ ಕಲಿಸಲು ಬರುವವರಿಗೆ ನಾನು ಹೇಳುವುದಿಷ್ಟೆ: ಹೊತ್ತು ಅವರೇ ಗೊತ್ತು ಮಾಡಲಿ, ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿಗೆ ಕೊಟ್ಟು ಬಂದ ಮೇಲೆ.

ಆ ಅಕ್ಕ ಈಗ ಬೀಡಿ ಬ್ರಾಂಚಿನಲ್ಲೇ ಪಾಸ್‌ಬುಕ್ ಬಿಡಿಸಿ, ಬೆರಳಿಟ್ಟು ಓದುತ್ತಾರೆ. ಬರೆದದ್ದು ತಾಳೆಯಾಗದಿದ್ದರೆ ಅಲ್ಲಿಂದ ಕದಲುವುದಿಲ್ಲ.