ಬರ್ಲಿನ್ನಿನ ಚಳಿಗಾಲದಲ್ಲಿ ಹವಳದ ತೋಟ

ಬರ್ಲಿನ್ ಸಮುದ್ರತೀರದ ಊರಲ್ಲ. ಅತ್ಯಂತ ಸಮೀಪದ ಬಾಲ್ಟಿಕ್ ಕಡಲೂ ಅಲ್ಲಿಂದ ಸುಮಾರು ನೂರು ಮೈಲಿ ದೂರದಲ್ಲಿದೆ. ಅದರ ನೀರಾದರೋ ಅರೆಯುಪ್ಪು, ಚಳಿಗಾಲದಲ್ಲಿ ಕೆಲವೆಡೆ ಹೆಪ್ಪುಗಟ್ಟತಕ್ಕದ್ದು. ಹವಳಕ್ಕೆ ಬೇಕಾದ ಬಿಸಿಲು, ಬೆಚ್ಚನೆಯ ಉಪ್ಪುನೀರು, ಅಲೆಯ ಬಡಿತ, ಈ ಮೂರರಲ್ಲಿ ಒಂದೂ ಇಲ್ಲದ ನಗರವದು. ಆದರೂ ಮನೆಯೊಳಗೆ ಹವಳವನ್ನು ಬದುಕಿಸಿ ಬೆಳೆಸುವ ವಿದ್ಯೆಯಲ್ಲಿ ಲೋಕದ ನಾನಾ ಕಡೆ ಅನುಸರಿಸುವ ಒಂದು ಕ್ರಮಕ್ಕೆ ಬರ್ಲಿನ್ ಪದ್ಧತಿಯೆಂದೇ ಹೆಸರು. 2024ನೆಯ ಇಸವಿ ನವೆಂಬರಿನಿಂದ ಎರಡೂವರೆ ತಿಂಗಳ ಕಾಲ ನಾನು ಆ ನಗರದಲ್ಲಿ ಮಗಳ ಮನೆಯಲ್ಲಿದ್ದೆನು. ಅಳಿಯಂದಿರು ಅದೇ ಕಾಲದಲ್ಲಿ ತಮ್ಮ ಕೊಠಡಿಯಲ್ಲಿ ಇಂಥದೊಂದು ಕಡಲನ್ನು ಕಟ್ಟಲು ತೊಡಗಿದ್ದುದರಿಂದ, ಅದನ್ನು ಮೊದಲಿನಿಂದಲೂ ಕಣ್ಣಾರೆ ಕಾಣುವ ಯೋಗ ನನಗೆ ಒದಗಿತು.

ಆ ದೇಶದ ಚಳಿಗಾಲವನ್ನು ಕಾಣದವರಿಗೆ ಒಂದು ಮಾತು ಹೇಳಬೇಕು. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯನು ಎಂಟು ಗಂಟೆ ಕಳೆದ ಮೇಲೆ ಮೂಡಿ, ಸಂಜೆ ನಾಲ್ಕಾಗುವ ಮೊದಲೇ ಮುಳುಗುತ್ತಾನೆ. ಮೋಡ ಕವಿದ ದಿನಗಳಲ್ಲಿ ಮೂಡಿದನೆಂಬುದಕ್ಕೆ ಸಾಕ್ಷಿಯೇ ಇರದು. ಮಧ್ಯಾಹ್ನದ ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಬೀದಿದೀಪಗಳು ಹತ್ತಿದುದನ್ನು ನೋಡಿ, ನನ್ನ ಸಂಧ್ಯಾವಂದನೆಯ ಲೆಕ್ಕವೆಲ್ಲ ತಲೆಕೆಳಗಾಯಿತು. ಇಂಥ ಊರಿನವರಿಗೆ ಬೆಳಕಿನ ಬೆಲೆ ಗೊತ್ತು; ದೀಪದ ಕೆಳಗೆ ಹವಳವನ್ನು ಬೆಳೆಸುವ ಹಟ ಅವರಿಗೆ ಹುಟ್ಟಿದುದು ಆಶ್ಚರ್ಯವಲ್ಲವೆಂದು ನನಗೆ ತೋರಿತು.

ಈ ಹಟವೇನೂ ಹೊಸದಲ್ಲ. 1869ರಲ್ಲಿ ಪ್ರಾಣಿಶಾಸ್ತ್ರದ ಪ್ರಸಿದ್ಧ ಲೇಖಕ ಆಲ್ಫ್ರೆಡ್ ಬ್ರೆಮ್ ಎಂಬವರು ನಗರದ ರಾಜಬೀದಿಯಾದ ಉಂಟರ್ ಡೆನ್ ಲಿಂಡೆನ್‌ನಲ್ಲಿ ಒಂದು ಜಲಚರಾಲಯವನ್ನು ತೆರೆದರು. ಅಷ್ಟು ದೂರದಿಂದ ಸಮುದ್ರದ ನೀರನ್ನು ತರಿಸುವುದು ದುಸ್ಸಾಧ್ಯವೆಂದು, ಅಲ್ಲಿಯ ಓಟ್ಟೋ ಹೆರ್ಮೆಸ್ ಎಂಬವರು ಲವಣಗಳನ್ನು ಬೆರೆಸಿ ಕೃತಕ ಸಮುದ್ರಜಲವನ್ನು ಸಿದ್ಧಪಡಿಸಿದರು. ಆ ಕಟ್ಟಡ 1910ರಲ್ಲಿ ಮುಚ್ಚಿತು. 1913ರಲ್ಲಿ ಮೃಗಾಲಯದ ಪಕ್ಕದಲ್ಲಿ ಮತ್ತೊಂದು ಎದ್ದಿತು. ಅದು 1943ರ ಬಾಂಬುಗಳಿಗೆ ಆಹುತಿಯಾಗಿ, ಯುದ್ಧಾನಂತರ ಪುನಃ ಕಟ್ಟಲ್ಪಟ್ಟು ಇಂದಿಗೂ ನಡೆಯುತ್ತಿದೆ. ಮೊಮ್ಮಗನ ಕೈ ಹಿಡಿದು ನಾನು ಅಲ್ಲಿಗೆ ಎರಡು ಸಲ ಹೋಗಿಬಂದೆನು.

ಹವಳವೆಂದರೆ ನಮ್ಮ ಮನೆಗಳಲ್ಲಿ ತಾಳಿಸರದ ಕೆಂಪು ಮಣಿ. ಸಂಸ್ಕೃತದಲ್ಲಿ ಅದಕ್ಕೆ ವಿದ್ರುಮವೆಂದೂ ಪ್ರವಾಳವೆಂದೂ ಹೆಸರು. ಮೊದಲನೆಯದರಲ್ಲಿ ದ್ರುಮ, ಎಂದರೆ ಮರ, ಅಡಗಿದೆ. ಎರಡನೆಯದಕ್ಕೆ ಎಳೆಯ ಚಿಗುರೆಂಬ ಅರ್ಥವೂ ಉಂಟು. ಹಿಂದಿನವರು ಇದನ್ನು ಕಡಲಿನ ಗಿಡವೆಂದೇ ಬಗೆದಿದ್ದರು; ಯೂರೋಪಿನ ಪಂಡಿತರೂ 18ನೆಯ ಶತಮಾನದವರೆಗೆ ಹಾಗೆಯೇ ನಂಬಿದ್ದರು. ಆ ಶತಮಾನದಲ್ಲಿ ಪೇಸೊನೆಲ್ ಎಂಬ ಫ್ರೆಂಚ್ ವೈದ್ಯರು ಇದು ಗಿಡವಲ್ಲ, ಪ್ರಾಣಿಯೆಂದು ಸಾಧಿಸಿದರು. ಆದರೂ ಗಿಡವೆಂದವರ ಮಾತು ಪೂರ್ತಿ ಸುಳ್ಳಾಗಲಿಲ್ಲ. ದಿಬ್ಬ ಕಟ್ಟುವ ಹವಳಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿ ವಾಸಿಸುತ್ತದೆ. ಅದು ಎಲೆಯಂತೆಯೇ ಬೆಳಕಿನಿಂದ ಅನ್ನವನ್ನು ಮಾಡಿ ಬಹುಭಾಗವನ್ನು ಮನೆಯೊಡೆಯನಾದ ಹವಳಕ್ಕೆ ಕೊಡುತ್ತದೆ. ಬೆಳಕಿಲ್ಲದಿದ್ದರೆ ಆ ಹವಳಕ್ಕೆ ಊಟವಿಲ್ಲ. ತಾಳಿಯ ಕೆಂಪು ಹವಳದ ಜಾತಿ ಬೇರೆ. ಅದು ಮೆಡಿಟರೇನಿಯನ್ ಕಡಲಿನ ಮಬ್ಬುಗತ್ತಲೆಯಲ್ಲಿ, ಈ ಪಾಚಿಯ ಹಂಗಿಲ್ಲದೆ ಬೆಳೆಯುವಂಥದು.

ಇನ್ನು ಮನೆಯ ಸಂಗತಿ. ತೊಟ್ಟಿಯ ಉದ್ದ 90 ಸೆಂಟಿಮೀಟರು, ಅಗಲ 50, ಎತ್ತರ 45. ನೀರು ಸುಮಾರು 200 ಲೀಟರು. ಗಾಜು, ಕಲ್ಲು, ಮರಳು ಎಲ್ಲ ಸೇರಿದರೆ ಮೂರು ಕ್ವಿಂಟಲಿಗೆ ಹತ್ತಿರವಾಗುವ ಭಾರ. ಮರದ ತೊಲೆಗಳ ಹಳೆಯ ಮಾಳಿಗೆಮನೆಯಾದುದರಿಂದ, ಅಳಿಯಂದಿರು ಮೊದಲು ಮನೆಯ ಯಜಮಾನನ ಒಪ್ಪಿಗೆ ಪಡೆದು, ತೊಲೆಗಳು ಯಾವ ದಿಕ್ಕಿಗೆ ಹೋಗಿವೆಯೆಂದು ತಿಳಿದು, ಭಾರವು ಹಲವು ತೊಲೆಗಳ ಮೇಲೆ ಹಂಚಿಹೋಗುವಂತೆ ಗಟ್ಟಿ ಗೋಡೆಯ ಮಗ್ಗುಲಿಗೆ ಪೀಠವನ್ನಿಟ್ಟರು. ಪೀಠದೊಳಗೆ ಇನ್ನೊಂದು ಚಿಕ್ಕ ತೊಟ್ಟಿ. ಅದನ್ನು ಅಲ್ಲಿಯೂ ಸಂಪು ಎಂದೇ ಕರೆಯುವುದನ್ನು ಕೇಳಿ ನನಗೆ ನಗು ಬಂದಿತು. ಮೇಲಿನ ನೀರು ಕೊಳವೆಯಲ್ಲಿ ಸಂಪಿಗೆ ಇಳಿಯುತ್ತದೆ. ಪಂಪು ಅದನ್ನು ಮತ್ತೆ ಮೇಲಕ್ಕೆ ಕಳುಹಿಸುತ್ತದೆ. ಕಾಯಿಸುವ ಯಂತ್ರ, ನೊರೆಯಂತ್ರ ಮುಂತಾದ ಕಣ್ಣಿಗೆ ಹಿತವಲ್ಲದ ಸಾಮಗ್ರಿಗಳೆಲ್ಲ ಕೆಳಗೆ ಅಡಗಿರುತ್ತವೆ.

ಬರ್ಲಿನ್ನಿನ ನಲ್ಲಿಯ ನೀರು ಗಡಸು. ಚಹದ ಪಾತ್ರೆಯಲ್ಲಿ ವಾರಕ್ಕೊಂದು ಪದರ ಸುಣ್ಣ ಕಟ್ಟುತ್ತದೆ. ಆದುದರಿಂದ ಅದನ್ನು ಮೊದಲು ಆರ್.ಓ. ಯಂತ್ರದಲ್ಲಿ ಶುದ್ಧಿ ಮಾಡಿ, ಬಳಿಕ ಲೀಟರಿಗೆ 35ರಿಂದ 40 ಗ್ರಾಂ ಸಮುದ್ರಲವಣವನ್ನು ಕರಗಿಸಬೇಕು. ಒಟ್ಟು ಏಳೆಂಟು ಕಿಲೋ ಉಪ್ಪು ಹಿಡಿಯಿತು. ಅಡಿಗೆಯ ಉಪ್ಪು ಇದಕ್ಕೆ ಸಲ್ಲದು. ಕಡಲಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಮೊದಲಾದುವೆಲ್ಲ ಇದರಲ್ಲಿ ಸೇರಿರಬೇಕು. ಶಾಖ 25 ಡಿಗ್ರಿ.

ನೊರೆಯಂತ್ರದ ಕೆಲಸವನ್ನು ಆಲೆಮನೆ ಕಂಡವರಿಗೆ ವಿವರಿಸಬೇಕಾಗಿಲ್ಲ. ಕಬ್ಬಿನ ಹಾಲು ಕುದಿಯುವಾಗ ಮೇಲೆ ಬರುವ ಕಲ್ಮಷದ ನೊರೆಯನ್ನು ಜಾಲರಿ ಹಿಡಿದು ತೆಗೆಯುವರಷ್ಟೆ. ಇಲ್ಲಿ ಬೆಂಕಿಯ ಬದಲು ಗಾಳಿ. ಯಂತ್ರವು ಸಣ್ಣ ಸಣ್ಣ ಗುಳ್ಳೆಗಳನ್ನು ಎಬ್ಬಿಸುತ್ತದೆ. ನೀರಿನಲ್ಲಿ ಕರಗಿದ ಜಿಡ್ಡು ಗುಳ್ಳೆಗೆ ಅಂಟಿ ಮೇಲೇರಿ ಒಂದು ಬಟ್ಟಲಿಗೆ ಬೀಳುತ್ತದೆ. ಆ ಬಟ್ಟಲಿನ ವಾಸನೆಯನ್ನು ವರ್ಣಿಸದಿರುವುದೇ ಲೇಸು.

ಮನೆಯೊಳಗೆ ಎಲ್ಲರಿಗಿಂತ ಹೆಚ್ಚು ಚಿಂತೆಗೆ ಬಿದ್ದವರು ಮನೆಯವರಲ್ಲ, ಕೆಳಗಿನ ಅಂತಸ್ತಿನಲ್ಲಿ ಒಬ್ಬರೇ ಇರುವ ವೃದ್ಧೆ. ಅದಕ್ಕೆ ಕಾರಣವುಂಟು. 2022ನೆಯ ಇಸವಿ ಡಿಸೆಂಬರ್ 16ರ ಬೆಳಗಿನ ಜಾವ, ಅದೇ ನಗರದ ಒಂದು ದೊಡ್ಡ ಹೋಟೆಲಿನ ನಡುಮನೆಯಲ್ಲಿದ್ದ ಅಕ್ವಾಡೋಮ್ ಎಂಬ ಭಾರಿ ಮತ್ಸ್ಯಸ್ತಂಭ ಒಮ್ಮೆಗೇ ಸಿಡಿದುಹೋಯಿತು. ಅದರಲ್ಲಿದ್ದುದು ಹತ್ತು ಲಕ್ಷ ಲೀಟರು ನೀರು, ಸುಮಾರು 1500 ಮೀನು. ನೀರು ಹೋಟೆಲನ್ನು ಕೊಚ್ಚಿಕೊಂಡು ಬೀದಿಗೆ ನುಗ್ಗಿತು. ಮೀನುಗಳಲ್ಲಿ ಬಹುತೇಕ ಎಲ್ಲವೂ ಸತ್ತುವು. ಇದನ್ನೆಲ್ಲ ನೆನೆದು ಆಕೆ ಒಂದು ಸಂಜೆ ಮೇಲೆ ಬಂದು, "ವಿದ್ಯುತ್ತು ನಿಂತರೆ ನಿಮ್ಮ ಕಡಲು ನನ್ನ ಹಾಸಿಗೆಗೆ ಬರುವುದೇ?" ಎಂದು ನೇರವಾಗಿ ಕೇಳಿದರು.

ಅಳಿಯಂದಿರು ಉತ್ತರವನ್ನು ಬಾಯಲ್ಲಿ ಹೇಳಲಿಲ್ಲ. ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ, ಎಲ್ಲರ ಎದುರಿಗೆ ಪಂಪಿನ ಪ್ಲಗ್ಗನ್ನು ಕಿತ್ತರು. ಮೇಲಿನ ನೀರು ಎರಡು ಕೊಳವೆಗಳಲ್ಲಿಯೂ ಗಳಗಳನೆ ಇಳಿಯತೊಡಗಿತು. ವೃದ್ಧೆ ಎದ್ದು ನಿಂತರು. ಮಗಳು ಬಟ್ಟೆ ಹಿಡಿದು ಓಡಿಬಂದಳು. ಆದರೆ ನೀರು ಮೂರು ಸೆಂಟಿಮೀಟರಿನಷ್ಟು ತಗ್ಗಿದ ಕೂಡಲೆ ಪಂಪಿನ ಕೊಳವೆಯ ಬಾಯಿ ಗಾಳಿಗೆ ತೆರೆದುಕೊಂಡು, ಒಂದು ದೊಡ್ಡ ಗುಟುಕಿನ ಸದ್ದಾಗಿ, ಎಲ್ಲವೂ ನಿಂತುಹೋಯಿತು. ನಾನು ಹಳೆಯ ಅಭ್ಯಾಸದಿಂದ ಕಾಗದದ ಚೂರಿನ ಮೇಲೆ ಲೆಕ್ಕ ಮಾಡಿದೆನು: 90ನ್ನು 50ರಿಂದ, ಅದನ್ನು 3ರಿಂದ ಗುಣಿಸಿದರೆ ಹದಿಮೂರೂವರೆ ಲೀಟರು. ಸಂಪಿನಲ್ಲಿ 25 ಲೀಟರಿನ ಜಾಗವನ್ನು ಬರಿದಾಗಿ ಬಿಟ್ಟಿದ್ದರು. ಈ ಲೆಕ್ಕವನ್ನು ಆಕೆ ತಾವೇ ಮತ್ತೊಮ್ಮೆ ಗುಣಿಸಿ ನೋಡಿ, ಕಾಗದವನ್ನು ಮಡಿಸಿ ಇಟ್ಟುಕೊಂಡು, ಕಾಫಿ ಕುಡಿದು ಹೋದರು. ತೊಟ್ಟಿಯನ್ನು ಇಡುವವರು ಮೀನು ತರುವುದಕ್ಕೆ ಮುಂಚೆ ಈ ಪರೀಕ್ಷೆಯನ್ನು ಮಾಡಿಯೇ ತೀರಬೇಕು. ಅಂತೆಯೇ ವಿದ್ಯುತ್ತಿನ ತಂತಿಗಳು ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತು ಮೇಲೇರಬೇಕು; ತಂತಿಯ ಮೇಲೆ ಹರಿದ ಹನಿ ಆ ತಗ್ಗಿನಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ.

ದೀಪವೇ ಇದರಲ್ಲೆಲ್ಲ ಮುಖ್ಯವಾದುದು. ಸೂರ್ಯಕಿರಣದ ಕೆಂಪು ಭಾಗವನ್ನು ಕಡಲಿನ ನೀರು ಮೊದಲ ಕೆಲವು ಮೀಟರುಗಳಲ್ಲಿಯೇ ನುಂಗಿಬಿಡುತ್ತದೆ. ನೀಲಿ ಮಾತ್ರ ಆಳಕ್ಕೆ ಇಳಿಯುತ್ತದೆ. ಹವಳದೊಳಗಣ ಪಾಚಿ ಆ ನೀಲಿಗೆ ಒಗ್ಗಿದುದು. ಮೊದಮೊದಲು ಇದಕ್ಕಾಗಿ ಕಾರ್ಖಾನೆಗಳಲ್ಲಿ ಉರಿಯುವಂಥ ಮೆಟಲ್ ಹ್ಯಾಲೈಡ್ ದೀಪಗಳನ್ನು ತೂಗುಹಾಕುತ್ತಿದ್ದರಂತೆ. ಅವು 150ರಿಂದ 400 ವಾಟು ಎಳೆದು, ನೀರನ್ನು ಕಾಯಿಸಿ, ಅದನ್ನು ತಣಿಸಲು ಇನ್ನೊಂದು ಯಂತ್ರವನ್ನು ಬೇಡುತ್ತಿದ್ದುವು. ಈಗ ಎಲ್.ಇ.ಡಿ. ಬಂದು ಆ ಕಷ್ಟ ತಗ್ಗಿದೆ. ನೀಲಿಯನ್ನೂ ಬಿಳಿಯನ್ನೂ ಬೇಕಾದ ಪ್ರಮಾಣದಲ್ಲಿ ಬೇರೆ ಬೇರೆಯಾಗಿ ಏರಿಸಬಹುದು. ಆದರೆ ಕಣ್ಣಿಗೆ ಕಂಡ ಬೆಳಕು ಬೇರೆ, ಪಾಚಿಗೆ ದೊರೆತ ಬೆಳಕು ಬೇರೆ. ಅದನ್ನು ಅಳೆಯಲು ಅಳಿಯಂದಿರು ಗೆಳೆಯರೊಬ್ಬರಿಂದ ಒಂದು ಮಾಪಕವನ್ನು ಎರವಲು ತಂದು ನೀರಿನೊಳಗೆ ಇಳಿಬಿಟ್ಟರು. ದೀಪದ ನಡುಗೆರೆಯ ಕೆಳಗೆ, ಕಲ್ಲಿನ ತುದಿಯಲ್ಲಿ 220 ಬಂದಿತು. ಮೂಲೆಯ ಮರಳಿನ ಮೇಲೆ 80. ಮೆದು ಹವಳಗಳಿಗೆ ಆ ಮೂಲೆಯೇ ಸಾಕು. ಸುಣ್ಣದ ಕೊಂಬೆ ಕಟ್ಟುವ ಹವಳಗಳಿಗೆ ತುದಿಯ ಬಿಸಿಲು ಬೇಕು.

ದೀಪವನ್ನು ಮೊದಲ ದಿನವೇ ಪೂರ್ತಿ ಹತ್ತಿಸುವುದು ಅಪಾಯ. ಕತ್ತಲೆಯ ಕೋಣೆಯಿಂದ ನಡುಬಿಸಿಲಿಗೆ ಬಂದ ಸಸಿ ಬಾಡುವಂತೆ, ಹೆಚ್ಚು ಬೆಳಕಿಗೆ ಬಿದ್ದ ಹವಳವು ತನ್ನ ಪಾಚಿಯನ್ನು ಹೊರಗೆ ನೂಕಿ ಬೆಳ್ಳಗಾಗುತ್ತದೆ. ಆದುದರಿಂದ ನೂರಕ್ಕೆ 30ರಿಂದ ಆರಂಭಿಸಿ, ವಾರಕ್ಕೆ ಐದರಂತೆ ಏರಿಸುವುದೆಂದು ಗೊತ್ತುಮಾಡಿದರು. ಹೊತ್ತು ನಿಯಮಿಸುವ ಯಂತ್ರವು ಬೆಳಗ್ಗೆ ಹತ್ತಕ್ಕೆ ಮೆಲ್ಲನೆ ಅರುಣೋದಯವನ್ನು ಮಾಡಿ, ರಾತ್ರಿ ಎಂಟಕ್ಕೆ ಅಸ್ತಮಾನವನ್ನು ಮಾಡುತ್ತಿತ್ತು. ಹೊರಗೆ ಮೂರೂವರೆಗೇ ಕತ್ತಲೆ ಕವಿದಾಗ ಆ ಕಿಟಕಿಯೊಂದರಲ್ಲಿ ಮಾತ್ರ ನಮ್ಮ ಸೀಮೆಯ ಹಗಲು ಉಳಿದಿರುತ್ತಿತ್ತು. ನಾನು ಪುಸ್ತಕವನ್ನು ಹಿಡಿದು ಅದರ ಹತ್ತಿರವೇ ಕೂಡುವುದನ್ನು ರೂಢಿ ಮಾಡಿಕೊಂಡೆನು.

ಬರ್ಲಿನ್ ಪದ್ಧತಿಯ ಸಾರವನ್ನು ಹೇಳುವುದಾದರೆ, ಜೀವಾಣುಗಳು ತುಂಬಿದ ಕಲ್ಲು, ಬಲವಾದ ನೊರೆಯಂತ್ರ, ಪ್ರಖರವಾದ ದೀಪ, ಸುಣ್ಣದ ತಿಳಿನೀರು. ಡೀಟ್ರಿಶ್ ಷ್ಟ್ಯೂಬರ್ ಎಂಬ ಬರ್ಲಿನ್ನಿನ ಹವ್ಯಾಸಿ ಇದಕ್ಕೆ ಖ್ಯಾತಿ ತಂದವರಲ್ಲಿ ಒಬ್ಬರು. ಅವರ ತೊಟ್ಟಿಯಲ್ಲಿ ಬೆಳೆದ ಒಂದು ಕೊಂಬೆಹವಳದ ತುಂಡುಗಳು ಕೈಯಿಂದ ಕೈಗೆ ದೇಶಾಂತರ ಹೋದುವು. ಸುಣ್ಣದ ತಿಳಿನೀರೆಂದಾಗ ನನ್ನ ಕಿವಿ ನಿಮಿರಿತು. ಅರಳಿಸಿದ ಸುಣ್ಣವನ್ನು ಶುದ್ಧ ನೀರಿನಲ್ಲಿ ಕದಡಿ, ತಳಕ್ಕೆ ಇಳಿಯಬಿಟ್ಟು, ಮೇಲಿನ ತಿಳಿಯನ್ನು ರಾತ್ರಿಯಲ್ಲಿ ತೊಟ್ಟುತೊಟ್ಟಾಗಿ ಬಿಡುತ್ತಾರೆ. ಆವಿಯಾಗಿ ಹೋದ ನೀರೂ ಭರ್ತಿಯಾಗುತ್ತದೆ. ಹವಳಕ್ಕೆ ಎಲುಬು ಕಟ್ಟಲು ಸುಣ್ಣವೂ ದೊರೆಯುತ್ತದೆ. ರಾತ್ರಿಯೇ ಏಕೆಂದರೆ, ಕತ್ತಲೆಯಲ್ಲಿ ಪಾಚಿಯ ಕೆಲಸ ನಿಂತು ನೀರು ಆಮ್ಲದ ಕಡೆಗೆ ವಾಲುವುದು. ಸುಣ್ಣವು ಅದನ್ನು ಸರಿತೂಗಿಸುತ್ತದೆ. ನಮ್ಮ ಕರಾವಳಿಯಲ್ಲಿ ಕಡಲಿನ ಚಿಪ್ಪನ್ನು ಸುಟ್ಟು ಎಲೆಯಡಿಕೆಗೆ ಸುಣ್ಣ ಮಾಡುವರು. ಇಲ್ಲಿ ಸುಣ್ಣ ಕಡಲಿಗೆ ಹಿಂದಿರುಗುತ್ತದೆ. ಆದರೆ ಡಬ್ಬಿಯ ಸುಣ್ಣವನ್ನು ಹಾಕಬಾರದು. ಔಷಧದಷ್ಟು ಶುದ್ಧವಾದುದೇ ಬೇಕು. ಮಕ್ಕಳ ಕೈಗೂ ಕಣ್ಣಿಗೂ ತಗಲದಂತೆ ಇಡಬೇಕು.

ನೀರು, ಕಲ್ಲು, ದೀಪ ಎಲ್ಲ ಸಿದ್ಧವಾದ ಮೇಲೆ ಮಾಡಬೇಕಾದ ಕೆಲಸವೆಂದರೆ ಕಾಯುವುದು. ಮೊಮ್ಮಗ ದಿನಕ್ಕೆರಡು ಬಾರಿ "ಅಜ್ಜಾ, ಮೀನು ಯಾವಾಗ?" ಎನ್ನುವನು. ಕೊಳೆಯುವ ಪದಾರ್ಥದಿಂದ ಹುಟ್ಟುವ ಅಮೋನಿಯಾ ವಿಷ; ಒಂದು ಜಾತಿಯ ಜೀವಾಣು ಅದನ್ನು ನೈಟ್ರೈಟನ್ನಾಗಿ, ಇನ್ನೊಂದು ಅದನ್ನು ನೈಟ್ರೇಟನ್ನಾಗಿ ಮಾಡಬೇಕು. ಈ ಜೀವಾಣುಗಳು ಕಲ್ಲಿನಲ್ಲಿ ಮನೆ ಮಾಡಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ನಾನು ಅವನಿಗೆ ಒಂದು ಚೌಕಳಿ ಕಾಗದವನ್ನು ಕೊಟ್ಟು, ಪರೀಕ್ಷೆಯ ನಳಿಗೆಯ ಬಣ್ಣವನ್ನು ನೋಡಿ ಅಂಕಿಯನ್ನು ಗುರುತಿಸಲು ಹೇಳಿಕೊಟ್ಟೆನು. ಅಮೋನಿಯಾದ ಗೆರೆ ಏರಿ ಇಳಿದು ಸೊನ್ನೆಗೆ ಬಂದ ದಿನ ಅವನು ಕುಣಿದಾಡಿದನು.

ಈ ಬಿಡುವಿನಲ್ಲಿ ಮಗಳು ಒಂದು ಮಾತೆತ್ತಿದಳು: "ಬೇಸಗೆಯಲ್ಲಿ ಆರು ವಾರ ನಾವು ಊರಿಗೆ ಬರುವಾಗ ಇದನ್ನು ನೋಡುವವರು ಯಾರು?" ನನ್ನ ಎದೆಯಲ್ಲಿಯೂ ಅದೇ ಪ್ರಶ್ನೆಯಿತ್ತು, ನಾನೇ ಎತ್ತಿದರೆ ಸ್ವಾರ್ಥವಾಗಿ ತೋರೀತೆಂದು ಸುಮ್ಮನಿದ್ದೆ. ವರ್ಷಕ್ಕೊಮ್ಮೆ ಬರುವ ಮಕ್ಕಳನ್ನು ಈ ಗಾಜಿನ ಪೆಟ್ಟಿಗೆ ಕಟ್ಟಿಹಾಕಿದರೆ ಅದರ ಬಣ್ಣ ನನಗೆ ಹೇಗೆ ರುಚಿಸೀತು? ಅಳಿಯಂದಿರು ಕೊಂಚ ಹೊತ್ತು ಸುಮ್ಮನಿದ್ದು, "ನೋಡಿಕೊಳ್ಳುವವರು ಸಿಕ್ಕುವವರೆಗೆ ಹವಳವನ್ನು ತರುವುದಿಲ್ಲ, ಮಾವ" ಎಂದರು. ಹಾಗೆಯೇ ನಡೆದುಕೊಂಡರು ಕೂಡ. ಕಲ್ಲು ಮತ್ತು ನೀರು ಮಾತ್ರವಿರುವ ತೊಟ್ಟಿಯ ಮುಂದೆ ಕ್ರಿಸ್ಮಸ್ ಕಳೆಯಿತು.

ಇಷ್ಟು ಕಷ್ಟಪಡುವುದಕ್ಕಿಂತ ಕಡಲಿನಲ್ಲಿಯೇ ನೋಡಬಾರದೇ ಎಂದು ಕೆಲವರು ಕೇಳಬಹುದು. ನೋಡಬಹುದು, ನಮ್ಮ ಮುರ್ಡೇಶ್ವರದ ಎದುರಿಗೆ, ತೀರದಿಂದ ಸುಮಾರು 19 ಕಿಲೋಮೀಟರು ದೂರದ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. ಆದರೆ 2024ರಲ್ಲಿ ಕಡಲು ಮಿತಿಮೀರಿ ಕಾದು ಲೋಕದ ಅನೇಕ ದಿಬ್ಬಗಳು ಬೆಳ್ಳಗಾದುವು. ಲಕ್ಷದ್ವೀಪದ ಹವಳಗಳೂ ಪಾರಾಗಲಿಲ್ಲ. ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿವೆ. ಹುಲಿಗಿರುವ ರಕ್ಷಣೆ ಅವಕ್ಕೂ ಉಂಟು. ಈ ಲೇಖನವನ್ನು ಓದಿ ಯಾರೂ ಕಡಲಿನಿಂದ ಕೊಂಬೆ ಮುರಿದು ತರಲು ಹೊರಡಬಾರದು. ಬರ್ಲಿನ್ನಿನಲ್ಲಿಯೂ ಒಳ್ಳೆಯ ಹವ್ಯಾಸಿಗಳು ಕಡಲಿನ ಹವಳವನ್ನು ಬಯಸುವುದಿಲ್ಲ. ದಾಸವಾಳದ ಕಡ್ಡಿಯನ್ನು ನೆರೆಮನೆಗೆ ಕೊಡುವಂತೆ, ತೊಟ್ಟಿಯಲ್ಲಿ ಬೆಳೆದುದರ ತುಂಡನ್ನು ಸಣ್ಣ ಬಿಲ್ಲೆಗೆ ಅಂಟಿಸಿ ಒಬ್ಬರಿಗೊಬ್ಬರು ಕೊಡುತ್ತಾರೆ.

ಜನವರಿಯ ಎರಡನೆಯ ವಾರ ಕೆಳಮನೆಯ ವೃದ್ಧೆ ಮತ್ತೆ ಬಂದರು. ಸಂಗತಿಯನ್ನು ಕೇಳಿ ತಿಳಿದು, ಬೇಸಗೆಯಲ್ಲಿ ಬೀಗದ ಕೈಯನ್ನು ತಮ್ಮಲ್ಲಿ ಬಿಡಬಹುದೆಂದೂ, ಏನು ಮಾಡಬೇಕೆಂಬುದನ್ನು ಬರೆದುಕೊಡಬೇಕೆಂದೂ ಹೇಳಿದರು. ಅಳಿಯಂದಿರು ಬರೆದುದನ್ನು ಓದಿ, ಅಕ್ಷರ ಸಣ್ಣದಾಯಿತೆಂದು ಹಿಂದಕ್ಕೆ ಕೊಟ್ಟು ದೊಡ್ಡದಾಗಿ ಬರೆಸಿಕೊಂಡರು.

ಅದಾದ ಮೂರನೆಯ ದಿನ ಮೊದಲ ಹವಳ ಬಂದಿತು. ಅಣಬೆಯಾಕಾರದ ಮೆದು ಜಾತಿ, ಹೆಬ್ಬೆರಳಿನಷ್ಟು ಗಾತ್ರ, ಬಣ್ಣ ಕಂದು. ನೋಡಿದರೆ ಯಾರೂ ಮೆಚ್ಚುವಂತಿರಲಿಲ್ಲ. ಮರಳಿನ ಮೂಲೆಯಲ್ಲಿ ಇಟ್ಟ ಮೇಲೆ ಎರಡು ದಿನ ಮುದುಡಿಕೊಂಡೇ ಇತ್ತು. ಮೂರನೆಯ ಮಧ್ಯಾಹ್ನ ಹೊರಗೆ ಹಿಮ ಬೀಳುತ್ತಿದ್ದಾಗ, ಅದರ ಮೈಮೇಲೆಲ್ಲ ಸಾಸಿವೆಗಿಂತ ಚಿಕ್ಕ ಹೂಗಳಂಥ ಬಾಯಿಗಳು ಅರಳಿ ನೀರಿನ ಸೆಳೆತಕ್ಕೆ ತೂಗಾಡಿದುವು. ಮೊಮ್ಮಗನು ಕೆಳಮನೆಗೆ ಓಡಿಹೋಗಿ ಆಕೆಯನ್ನು ಕರೆತಂದನು. ನಾನು ಹೊರಡುವ ಹೊತ್ತಿಗೆ ದೀಪವು ನೂರಕ್ಕೆ 45ಕ್ಕೆ ಏರಿತ್ತು. ತೊಟ್ಟಿಯಲ್ಲಿಯೇ ಹುಟ್ಟಿ ಬೆಳೆದ ಜೋಡಿ ಕ್ಲೌನ್ ಮೀನುಗಳನ್ನು ಮಾರ್ಚಿ ತಿಂಗಳಲ್ಲಿ ತರುವುದೆಂದು ನಿಶ್ಚಯವಾಗಿತ್ತು.