ಜಂಬೂಸವಾರಿಯ ರಾತ್ರಿಗೊಂದು ಚಾಪೆ

ದಸರೆ ಹತ್ತಿರವಾದಂತೆ ಪತ್ರಿಕೆಗಳ ಪುರವಣಿಯಲ್ಲಿ ಒಂದು ಹಿತವಚನ ತಪ್ಪದೆ ಕಾಣಿಸಿಕೊಳ್ಳುತ್ತದೆ: ಮೈಸೂರಿಗೆ ಹೋಗುವವರು ಕೋಣೆಯನ್ನು ಮೊದಲೇ ಕಾದಿರಿಸಿಕೊಳ್ಳಿ. ಈ ಬೆಳಗಿನ ಕಾಫಿಯನ್ನು ಕೆಡಿಸಿದ್ದು ಈ ಮಾತೇ. ಮಾತು ಸುಳ್ಳಲ್ಲ, ಸುಳ್ಳಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ನೂರು ಕೋಣೆಗೆ ಸಾವಿರ ಮಂದಿ ಬರುವ ಊರಿನಲ್ಲಿ ಸಾವಿರ ಮಂದಿಯೂ ಬೇಗ ಎದ್ದರೆ ಕೋಣೆಗಳೇನು ಸಾವಿರವಾಗುವುದಿಲ್ಲ. ಯಾರಿಗೆ ಸಿಕ್ಕಿತು, ಯಾರಿಗೆ ತಪ್ಪಿತು ಎಂಬುದಷ್ಟೇ ಬದಲಾಗುತ್ತದೆ. ತಪ್ಪಿಹೋಗುವುದು ಯಾರಿಗೆಂದರೆ, ರಜೆ ಸಿಗುತ್ತದೋ ಇಲ್ಲವೋ ಎಂದು ಹಿಂದಿನ ವಾರದವರೆಗೂ ಗೊತ್ತಿಲ್ಲದವರಿಗೆ, ಸಂಬಳ ಕೈಗೆ ಬಂದ ಮೇಲೆಯೇ ಚೀಲ ಕಟ್ಟುವವರಿಗೆ. ಮಿಕ್ಕ ಉಪಾಯಗಳು ಎಲ್ಲರಿಗೂ ಗೊತ್ತಿರುವಂಥವೇ. ಶ್ರೀರಂಗಪಟ್ಟಣದಲ್ಲೋ ನಂಜನಗೂಡಿನಲ್ಲೋ ಮಲಗಿ ಮೈಸೂರು ನೋಡುವುದು, ರೈಲು ಟಿಕೆಟ್ ಇದ್ದರೆ ನಿಲ್ದಾಣದ ವಿಶ್ರಾಂತಿ ಕೊಠಡಿಗೆ ಯತ್ನಿಸುವುದು, ಅದೂ ಆಗದಿದ್ದರೆ ಮೆರವಣಿಗೆ ಮುಗಿಸಿ ರಾತ್ರಿಯ ಬಸ್ಸಿಗೆ ನೂಕುನುಗ್ಗಲಲ್ಲಿ ಹತ್ತುವುದು. ಇವನ್ನು ಹೇಳಲು ಪುರವಣಿ ಬೇಕಿಲ್ಲ.

ನನ್ನ ತಕರಾರು ಬೇರೆ. ಆ ದಿನಗಳಲ್ಲಿ ಲಾಡ್ಜಿನವರು ಮಾರುವುದು ಕೋಣೆಯನ್ನಲ್ಲ, ತಾರೀಖನ್ನು. ಮಂಚ ಅದೇ, ದಿಂಬಿನ ಕಲೆ ಅದೇ, ಸೋರುವ ನಲ್ಲಿಯೂ ಅದೇ. ಪಂಚಾಂಗದಲ್ಲಿ ವಿಜಯದಶಮಿ ಬಂದದ್ದಷ್ಟೇ ಹೊಸದು. ಇದಕ್ಕೆ ಸಾಕ್ಷಿಯೂ ಉಂಟು. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್ 22ರಂದು. ಅದೇ ದಿನ ಚಾಮುಂಡಿ ಬೆಟ್ಟದಲ್ಲಿ ಬಾನು ಮುಷ್ತಾಕ್ ದಸರೆಯನ್ನು ಉದ್ಘಾಟಿಸಿದರು. ಎರಡು ಸಾವಿರದ ಕೋಣೆಗೆ ಆ ಇಳಿಕೆಯಿಂದ ಉಳಿಯುವುದು 140 ರೂಪಾಯಿ. ಜಂಬೂಸವಾರಿಯ ರಾತ್ರಿ ಅದೇ ಕೋಣೆ ನಾಲ್ಕು ಸಾವಿರಕ್ಕೆ ಏರಿದರೆ ಆ 140 ಯಾವ ಮೂಲೆಗೆ? ಇನ್ನಷ್ಟು ಏರಿ 7,500 ದಾಟಿತೆನ್ನಿ, ತೆರಿಗೆಯೇ ಶೇ 18 ಆಗಿಬಿಡುತ್ತದೆ. ಸರ್ಕಾರ ತೆರಿಗೆ ಇಳಿಸಿ ಬಡವನ ಪ್ರವಾಸವನ್ನು ಅಗ್ಗವಾಗಿಸುವುದು ಆಷಾಢದಲ್ಲಿ ಸಾಧ್ಯ, ಆಶ್ವಯುಜದಲ್ಲಿ ಕಷ್ಟ.

ಲಾಡ್ಜಿನ ಮಾಲೀಕರು ಇದಕ್ಕೆ ಕೊಡುವ ಉತ್ತರವನ್ನು ತಳ್ಳಿಹಾಕುವಂತಿಲ್ಲ. ಮಳೆಗಾಲವಿಡೀ ಅರ್ಧ ಕೋಣೆ ಖಾಲಿ, ರೂಮ್ ಬಾಯ್‌ಗೂ ವಿದ್ಯುತ್ ಕಚೇರಿಗೂ ತಿಂಗಳು ತಿಂಗಳು ದುಡ್ಡು. ಹತ್ತು ದಿನದ ದುಡಿಮೆ ಉಳಿದ ತಿಂಗಳುಗಳನ್ನು ಸಾಕಬೇಕು. ರೈಲ್ವೆಯೇ 2016ರಲ್ಲಿ ರಾಜಧಾನಿ, ಶತಾಬ್ದಿಗಳಿಗೆ ಬೇಡಿಕೆ ಏರಿದಂತೆ ಏರುವ ದರ ತಂದಿತಲ್ಲ, ನಮ್ಮದೇನು ಹೆಚ್ಚು ಎಂದೂ ಅವರು ಕೇಳಬಹುದು. ಒಪ್ಪೋಣ. ಆದರೆ ಒಂದು ಲೆಕ್ಕ ಹೊಂದುವುದಿಲ್ಲ. ದಸರೆಯ ಜನಸಾಗರವನ್ನು ಕರೆತಂದದ್ದು ಲಾಡ್ಜಿನ ನಾಮಫಲಕವಲ್ಲ. 750 ಕಿಲೋ ತೂಕದ ಅಂಬಾರಿ ಹೊತ್ತು ನಡೆಯುವ ಆನೆ, ಲಕ್ಷದ ಹತ್ತಿರ ದೀಪ ಹೊತ್ತಿಸಿಕೊಂಡ ಅರಮನೆ, ಬನ್ನಿಮಂಟಪದ ಪಂಜಿನ ಕವಾಯತು, ದಾರಿಯುದ್ದಕ್ಕೂ ನಿಂತ ಪೊಲೀಸರು, ಇವು ಜನರನ್ನು ಎಳೆತಂದವು. ನಾಡಹಬ್ಬದ ಖರ್ಚು ನಾಡಿನದು, ಏರಿದ ಬಾಡಿಗೆ ಮಾತ್ರ ಕಟ್ಟಡದ ಯಜಮಾನನದು. ಹಬ್ಬಕ್ಕೆ ತೆರಿಗೆಯ ರೂಪದಲ್ಲಿ ಒಮ್ಮೆ ಚಂದಾ ಕೊಟ್ಟವನೇ ಹಬ್ಬ ನೋಡಲು ಬಂದ ತಪ್ಪಿಗೆ ಇನ್ನೊಮ್ಮೆ ಕೊಡುತ್ತಾನೆ.

ಹಾಗಾದರೆ ದರಕ್ಕೆ ಮಿತಿ ಹಾಕಿಬಿಡಿ ಎನ್ನುವ ಉತ್ಸಾಹಿಗಳಿದ್ದಾರೆ. ಬ್ರಿಟಿಷರ ಕಾಲದಲ್ಲಿ, 1867ರಷ್ಟು ಹಿಂದೆಯೇ ಬಂದ ಸರಾಯ್ ಕಾಯ್ದೆಯಲ್ಲಿ ತಂಗುದಾಣದವರು ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು, ಅದು ಜಿಲ್ಲಾ ಮ್ಯಾಜಿಸ್ಟ್ರೇಟರು ಹೇಳಿದ ಭಾಷೆಯಲ್ಲಿರಬೇಕು ಎಂಬ ಮಾತಿತ್ತು. ಓದಿದರೆ ಆಸೆಯಾಗುತ್ತದೆ, ಗಂಟೆಗೊಮ್ಮೆ ಬದಲಾಗುವ ಮೊಬೈಲಿನ ದರವನ್ನು ಯಾವ ಮೊಳೆಗೆ ತೂಗುಹಾಕುವುದು? ಆದರೂ ದರ ಕಟ್ಟಿಹಾಕುವುದರಲ್ಲೊಂದು ಮೋಸವಿದೆ. ತಿರುಮಲದಲ್ಲಿ 50, 100 ರೂಪಾಯಿಯ ಕೋಣೆಗಳು ಬ್ರಹ್ಮೋತ್ಸವ ಬಂತೆಂದು ಐನೂರಾಗುವುದಿಲ್ಲ. ಅಲ್ಲಿ ದರದ ಬದಲು ಸರದಿ ಸಾಲು ಬೆಳೆಯುತ್ತದೆ, ಸಾಲಿಗಿಂತ ಬೇಗ ಶಿಫಾರಸು ಪತ್ರ ಬೆಳೆಯುತ್ತದೆ. ದುಡ್ಡು ಕೊಡದವನು ಹೊತ್ತು ಕೊಡಬೇಕು, ಹೊತ್ತೂ ಇಲ್ಲದವನು ಯಾರದಾದರೂ ಸಹಿ ತರಬೇಕು. ಪುಕ್ಕಟೆ ಉಳಿಯುವ ವಿದ್ಯೆ ಈ ದೇಶದಲ್ಲಿ ಒಂದೇ ವರ್ಗಕ್ಕೆ ಸಿದ್ಧಿಸಿದೆ. ಊರೂರಿನ ಪ್ರವಾಸಿ ಮಂದಿರಗಳಲ್ಲಿ ಮಂತ್ರಿಗೆ, ಅವರ ಆಪ್ತ ಸಹಾಯಕನಿಗೆ, ಇಬ್ಬರ ಬಂಧುಗಳಿಗೆ ಜಾಗವಿರುತ್ತದೆ. ಪ್ರವಾಸಿಯನ್ನು ಕಂಡರೆ ಮೇಟಿಗೆ ಗಾಬರಿ.

ಆದರೆ ತಿರುಮಲ ಇನ್ನೊಂದನ್ನೂ ತೋರಿಸಿಕೊಟ್ಟಿದೆ, ಪುರವಣಿಯವರ ಕಣ್ಣು ಅತ್ತ ಹೋಗುವುದಿಲ್ಲ. ಕೋಣೆ ಸಿಗದವರಿಗೆ ಅಲ್ಲಿ ದೊಡ್ಡ ಹಜಾರಗಳಿವೆ: ಚೀಲಕ್ಕೊಂದು ಲಾಕರ್, ಸ್ನಾನಕ್ಕೆ ಜಾಗ, ಮೈಚಾಚಲು ನೆಲ. ಕೋಣೆ ಎಂದು ನಾವು ಒಟ್ಟಾಗಿ ಕೊಳ್ಳುವ ವಸ್ತುವನ್ನು ಅಲ್ಲಿ ಬಿಡಿಸಿ ಕೊಟ್ಟಿದ್ದಾರೆ. ಪಂಜಿನ ಕವಾಯತು ಮುಗಿದು ಜನ ಚದುರುವಾಗ ರಾತ್ರಿ ಎಷ್ಟೋ ಸರಿದಿರುತ್ತದೆ. ಬೆಳಗಿನ ರೈಲಿಗೆ ಓಡುವವನಿಗೆ ಬೇಕಾದದ್ದು ನಾಲ್ಕು ಗಂಟೆಯ ಒರಗು, ಒಂದು ಬಕೆಟ್ ನೀರು, ಚೀಲ ಕಳುವಾಗದೆಂಬ ಧೈರ್ಯ. ಈ ಮೂರಕ್ಕೆ ಟಿವಿ, ಟೀಪಾಯಿ, ಯಾರೂ ತೆರೆಯದ ಕಪಾಟುಗಳನ್ನೆಲ್ಲ ಸೇರಿಸಿ ಮಾರುವುದರಿಂದಲೇ ಬಿಲ್ಲು ಉಬ್ಬುವುದು. ನಮ್ಮ ಹಿಂದಿನವರು ಇದನ್ನು ಬಲ್ಲರು, ಅದಕ್ಕೇ ಛತ್ರ ಕಟ್ಟಿಸಿದರು. ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಇಳಿದ ಪರಸ್ಥಳದವನು ರಾತ್ರಿ ಎಲ್ಲಿಗೆ ಹೋದಾನು ಎಂದು ಗುಬ್ಬಿ ತೋಟದಪ್ಪನವರು ನಿಲ್ದಾಣದ ಹತ್ತಿರವೇ ಛತ್ರ ಮಾಡಿಸಿದರು. ದೂರಾಲೋಚನೆ ಎಂದರೆ ಅದು. ಈಗಿನ ಯೋಜನಾ ತಜ್ಞರು ನಿಲ್ದಾಣದ ಎದುರು ಮಾಲು ಕಟ್ಟುತ್ತಾರೆ. ಮೈಸೂರಿನಲ್ಲೇ ಸೀತಾವಿಲಾಸ ಛತ್ರವಿದೆ, ನಂಜರಾಜ ಬಹದ್ದೂರ್ ಛತ್ರವಿದೆ. ಎರಡನೆಯದರಲ್ಲಿ ಇಂದು ಮೇಳಗಳು, ಮಾರಾಟ ಪ್ರದರ್ಶನಗಳು ನಡೆಯುತ್ತವೆ. ಯಾತ್ರಿಕನಿಗೆಂದು ಎತ್ತಿದ ಚಾವಣಿಯ ಕೆಳಗೆ ಸರಕು ತಂಗುತ್ತದೆ. ಸರಕಿಗೆ ಬಾಡಿಗೆ ಕೊಡುವ ಶಕ್ತಿಯಿದೆ, ಗೊರಕೆಗೆ ಇಲ್ಲ.

ಛತ್ರಗಳನ್ನು ನುಂಗಿದ ದೊಡ್ಡ ಬಾಯಿ ಮದುವೆಯದು. ನೂರು ಪರದೇಶಿಗಳಿಂದ ವರ್ಷಕ್ಕೆ ಬರದ ಹಣ ಒಂದು ಧಾರೆಯಿಂದ ಎರಡೇ ದಿನದಲ್ಲಿ ಬರುವಾಗ ಯಾವ ಧರ್ಮದರ್ಶಿಯೂ ಮಂಕಾಗುತ್ತಾನೆ. ಆದರೆ ಗಮನಿಸಿ: ಪಿತೃಪಕ್ಷದಲ್ಲಿ ಮದುವೆಯಿಲ್ಲ, ಅದರ ಬೆನ್ನಿಗೇ ಬರುವ ನವರಾತ್ರಿಯಲ್ಲೂ ಮುಹೂರ್ತಗಳು ಅಪರೂಪ. ಅಂದರೆ ಲಾಡ್ಜುಗಳು ತುಂಬಿ ತುಳುಕುವ ದಿನಗಳಲ್ಲೇ ಮೈಸೂರಿನ ಕಲ್ಯಾಣಮಂಟಪಗಳಲ್ಲಿ ವಿಶಾಲ ಹಜಾರ, ಊಟದ ಮನೆ, ಸಾಲು ಸಾಲು ಬಚ್ಚಲು, ಆಳೆತ್ತರದ ಹಂಡೆ, ಎಲ್ಲವೂ ಬೀಗ ಹಾಕಿಕೊಂಡು ಕುಳಿತಿರುತ್ತವೆ. ಶಾಲೆಗಳಿಗೂ ದಸರಾ ರಜೆಯೇ. ಹಬ್ಬಕ್ಕೆ ಬರುವವರಲ್ಲಿ ವಸತಿಯ ಚಿಂತೆಯಿಲ್ಲದೆ ಬರುವವು ಆನೆಗಳು. ವೀರನಹೊಸಹಳ್ಳಿಯಿಂದ ಗಜಪಯಣ ಹೊರಟು ಬಂದರೆ ಅರಮನೆಯ ಆವರಣದಲ್ಲಿ ಅವಕ್ಕೆ ಬಿಡಾರ, ಮಾವುತರಿಗೂ ಕಾವಾಡಿಗರಿಗೂ ಡೇರೆ, ಅವರ ಮಕ್ಕಳಿಗೆ ತಾತ್ಕಾಲಿಕ ಶಾಲೆ ಕೂಡ. ಆನೆಗೆ ಇಷ್ಟು ಮಾಡಬಲ್ಲ ಆಡಳಿತಕ್ಕೆ ಆ ಖಾಲಿ ಹಜಾರಗಳಲ್ಲಿ ಮನುಷ್ಯನಿಗೊಂದು ಚಾಪೆ ಹಾಸುವುದು ದೊಡ್ಡ ಮಾತಲ್ಲ.

ಅಪರಿಚಿತರ ನಡುವೆ ಮಲಗುವುದು ಹೇಗೆ, ಹೆಣ್ಣುಮಕ್ಕಳ ಗತಿಯೇನು ಎಂಬ ಆಕ್ಷೇಪ ನ್ಯಾಯವಾದದ್ದೇ. ಅವರಿಗೆ ಬೇರೆ ಹಜಾರ ಬೇಕು, ಕಾವಲು ಬೇಕು, ಬಂದವರ ಗುರುತಿನ ಚೀಟಿ ನೋಡಿ ಬರೆದಿಡುವ ಗುಮಾಸ್ತ ಬೇಕು. ಅಸಾಧ್ಯವಾದದ್ದು ಇದರಲ್ಲಿ ಯಾವುದೂ ಇಲ್ಲ. ಅಲ್ಲದೆ, ಗಂಡಿನ ಕಡೆಯವರು ಇನ್ನೂರು ಮಂದಿ ಅದೇ ಹಜಾರದ ಜಮಖಾನದ ಮೇಲೆ ಉರುಳಿಕೊಳ್ಳುವಾಗ ಯಾರು ಯಾರ ಪರಿಚಿತರು? ಅರ್ಧಕ್ಕರ್ಧ ಮಂದಿ ಒಬ್ಬರಿಗೊಬ್ಬರು ಯಾರೆಂದೇ ತಿಳಿಯದವರು, ಆದರೂ ಬೆಳಗಾಗುತ್ತದೆ, ತಿಂಡಿಗೆ ಏಳುತ್ತಾರೆ. ನನಗಿರುವ ನಿಜವಾದ ಅನುಮಾನ ಕಲ್ಯಾಣಮಂಟಪದ ರಚನೆಯಲ್ಲೇ ಇದೆ. ಎಲ್ಲಿ ಹೋದರೂ ವರನ ಕೋಣೆ, ವಧುವಿನ ಕೋಣೆ ಎಂದು ಮಂಚ, ಹವಾನಿಯಂತ್ರಣ, ಒಳಗೇ ಬಚ್ಚಲು ಇರುವ ಎರಡು ಕೋಣೆಗಳು ಇರುತ್ತವೆ. ಯೋಜನೆ ಜಾರಿಯಾದ ದಿನವೇ ಯಾವುದಾದರೊಂದು ಕಚೇರಿಯಿಂದ ಆ ಎರಡಕ್ಕೆ ಫೋನು ಬರುತ್ತದೆ.